ಬಂಗಾರದ ಊರಿನ ಗಿಡಗಳು

(ಶಾಲೆಯ ಶತಮಾನೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾಡಿದ ಭಾಷಣದ ಲಿಖಿತ ರೂಪ)



ನೂರು ವರ್ಷ ತುಂಬಿದ ಈ ಶಾಲೆಯ ಅಂಗಳದಲ್ಲಿ ನಿಂತು ನಾಲ್ಕು ಮಾತು ಹೇಳುವ ಅವಕಾಶ ನಮಗೆ ದೊರೆತಿದೆ. ಅದಕ್ಕಾಗಿ ಶತಮಾನೋತ್ಸವ ಸಮಿತಿಗೆ ಹಳೆಯ ವಿದ್ಯಾರ್ಥಿಗಳೆಲ್ಲರ ಪರವಾಗಿ ಕೃತಜ್ಞತೆ ಸಲ್ಲಿಸುತ್ತೇವೆ. ಕಾರ್ಯಕ್ರಮ ಪತ್ರಿಕೆಯಲ್ಲಿ ನಮ್ಮ ಭಾಷಣದ ಮುಂದೆ ‘ಪರಿಸರ’ ಎಂಬ ಒಂದೇ ಶಬ್ದ ಅಚ್ಚಾಗಿದೆ. ವಿಷಯ ದೊಡ್ಡದು. ಆದ್ದರಿಂದ ನಮ್ಮೆಲ್ಲರ ಕಣ್ಣ ಮುಂದೆಯೇ ಇರುವ ಎರಡು ಸಂಗತಿಗಳಿಗೆ ಅದನ್ನು ಸೀಮಿತಗೊಳಿಸಿಕೊಳ್ಳುತ್ತೇವೆ.

ಮೊದಲನೆಯದು, ನಾಳೆ ಮುಂಜಾನೆ ಇದೇ ಅಂಗಳದಲ್ಲಿ ನೂರು ವರ್ಷಗಳ ನೆನಪಿಗೆ ನೂರು ಸಸಿಗಳನ್ನು ನೆಡುವ ಕಾರ್ಯಕ್ರಮವಿದೆ. ಎರಡನೆಯದು, ಶತಮಾನೋತ್ಸವದ ಸ್ಮಾರಕವಾಗಿ ಎರಡು ಹೊಸ ಕೋಣೆಗಳನ್ನು ಕಟ್ಟಿಸಬೇಕೆಂದಿದೆ. ಈಗಿನ ನಕ್ಷೆಯಂತೆ ಆ ಕೋಣೆಗಳು ಬರುವುದು ನಮ್ಮ ಹುಣಸೆಯ ಗಿಡವಿರುವ ಜಾಗದಲ್ಲಿ. ಒಂದು ಕೈಯಿಂದ ನೂರು ಸಸಿ ನೆಟ್ಟು, ಇನ್ನೊಂದು ಕೈಯಿಂದ ಒಂದು ಹಳೆಯ ಗಿಡ ಕಡಿಯುವ ಲೆಕ್ಕ ಸರಿಯೇ ಎಂಬುದು ನಮ್ಮ ಪ್ರಶ್ನೆ. ಇದಕ್ಕೆ ನೇರವಾಗಿ ಉತ್ತರ ಹೇಳುವ ಮೊದಲು, ನಾವು ಕಣ್ಣಾರೆ ನೋಡಿಬಂದ ಒಂದು ದೂರದ ಊರಿನ ಕಥೆಯನ್ನು ಹೇಳಬೇಕಾಗಿದೆ. ಅದು ಬಂಗಾರದ ಊರು.

ಬಂಗಾರದ ಮಾತು ನಮ್ಮ ಸೀಮೆಗೆ ಹೊಸದಲ್ಲ. ನಮ್ಮ ತಾಲೂಕಿನ ಹುಪರಿಯ ಬೆಳ್ಳಿಯ ಕೆಲಸ ದೇಶಕ್ಕೆಲ್ಲ ಗೊತ್ತು. ಕೊಲ್ಹಾಪುರದ ಸಾಜು ಯಾವ ಮನೆಯ ಮದುವೆಯಲ್ಲಿ ಇಲ್ಲ? ಆದರೆ ನಮ್ಮ ಹಿರಿಯರು ಇನ್ನೊಂದು ಬಂಗಾರವನ್ನೂ ತೋರಿಸಿಕೊಟ್ಟಿದ್ದಾರೆ. ದಸರೆಯ ದಿನ ಬನ್ನಿಯ ಎಲೆಯನ್ನು ಹಿರಿಯರ ಕೈಗಿಟ್ಟು ಬಂಗಾರವೆಂದು ಕೊಡುತ್ತೇವೆ; ಬಂಗಾರದಂತೆ ಇರೋಣ ಎನ್ನುತ್ತೇವೆ. ನಮ್ಮ ಮರಾಠಿ ನೆರೆಹೊರೆಯವರು ಆಪ್ಟೆಯ ಎಲೆಯನ್ನು ಕೊಟ್ಟು ಅದನ್ನೇ ‘ಸೋನೆ’ ಎನ್ನುತ್ತಾರೆ. ಭಾಷೆ ಎರಡಾದರೂ ಭಾವ ಒಂದೇ. ನಾವು ನೋಡಿದ ಊರಿನಲ್ಲಿ ಮಾತ್ರ ನಿಜವಾದ ಬಂಗಾರವೇ ನೆಲದೊಳಗಿತ್ತು.

ಆ ಊರು ಕರ್ನಾಟಕದ ಕೋಲಾರ ಜಿಲ್ಲೆಯ ಕೆ.ಜಿ.ಎಫ್., ಅಂದರೆ ಕೋಲಾರ ಚಿನ್ನದ ಗಣಿ. ಬೆಂಗಳೂರಿನಲ್ಲಿರುವ ಸಹಪಾಠಿಯ ಮನೆಗೆ ಹೋದಾಗ ನಾವು ನಾಲ್ವರು ಗೆಳೆಯರು ಒಂದು ದಿನ ಅಲ್ಲಿಗೆ ಹೋಗಿದ್ದೆವು. ಬಂಗಾರಪೇಟೆಯಲ್ಲಿ ಮುಖ್ಯ ಮಾರ್ಗದಿಂದ ಕವಲೊಡೆಯುವ ರೈಲು ಕೋರಮಂಡಲ್, ಊರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟಿ ಮಾರಿಕುಪ್ಪಂನಲ್ಲಿ ಕೊನೆಗೊಳ್ಳುತ್ತದೆ. ಈ ಮಾರ್ಗವನ್ನು 1894ರಲ್ಲಿ ಹಾಕಿದ್ದು ಗಣಿಗಳ ಸಲುವಾಗಿಯೇ. ಕರ್ನಾಟಕ, ಆಂಧ್ರ, ತಮಿಳುನಾಡು ಮೂರೂ ಹತ್ತಿರ ಬರುವ ಸೀಮೆ ಅದು. ಕನ್ನಡ, ತಮಿಳು, ತೆಲುಗು ಮೂರೂ ಬೀದಿಯಲ್ಲಿ ಕೇಳಿಸುತ್ತವೆ. ಎರಡು ಭಾಷೆಗಳ ನಡುವೆ ಬೆಳೆದ ನಮಗೆ ಆ ಊರು ಮೊದಲ ನೋಟಕ್ಕೇ ನೆಂಟರ ಊರಿನಂತೆ ಕಂಡಿತು.

ಅದರ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುತ್ತೇವೆ. 1802ರಲ್ಲಿ ಜಾನ್ ವಾರನ್ ಎಂಬ ಬ್ರಿಟಿಷ್ ಸೈನ್ಯಾಧಿಕಾರಿ, ಅಲ್ಲಿನ ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದನ್ನು ಕಂಡು ದಾಖಲಿಸಿದ. 1880ರ ಹೊತ್ತಿಗೆ ಜಾನ್ ಟೇಲರ್ ಕಂಪನಿ ಅಲ್ಲಿಗೆ ಬಂದಿತು. ಆಮೇಲೆ ಸುಮಾರು 120 ವರ್ಷ ಗಣಿಗಾರಿಕೆ ನಡೆದು, ನೆಲದಿಂದ ಸುಮಾರು 800 ಟನ್ ಚಿನ್ನ ಹೊರಬಂದಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿದು ಜಗತ್ತಿನ ಅತ್ಯಂತ ಆಳವಾದ ಗಣಿಗಳಲ್ಲಿ ಒಂದೆನಿಸಿತು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದವು. 1972ರಲ್ಲಿ ಕೇಂದ್ರ ಸರ್ಕಾರದ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ಹುಟ್ಟಿತು. ಬರಬರುತ್ತ ಒಂದು ಟನ್ ಕಲ್ಲಿಗೆ ಸಿಗುವ ಚಿನ್ನ ಕೆಲವೇ ಗ್ರಾಂಗಳಿಗೆ ಇಳಿಯಿತು, ಖರ್ಚು ಏರಿತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು.

ಈ ಚರಿತ್ರೆ ಪುಸ್ತಕಗಳಲ್ಲಿದೆ. ನಾವು ಇಲ್ಲಿ ಹೇಳಬೇಕಾದದ್ದು ಆ ಊರಿನ ಗಿಡಗಳ ಚರಿತ್ರೆಯನ್ನು.

ಗಣಿಯ ಮೊದಲ ಆಹಾರ ಕಾಡು. ನೀರೆತ್ತುವ ಯಂತ್ರ, ಕಲ್ಲು ಕುಟ್ಟುವ ಯಂತ್ರ, ಕೆಲಸಗಾರರನ್ನು ಇಳಿಸಿ ಏರಿಸುವ ಯಂತ್ರ ಎಲ್ಲವೂ ಆಗ ಆವಿಯಿಂದ ನಡೆಯುತ್ತಿದ್ದವು. ಆವಿಗೆ ಬೆಂಕಿ ಬೇಕು, ಬೆಂಕಿಗೆ ಕಟ್ಟಿಗೆ ಬೇಕು. ದೂರದಿಂದ ಬರುವ ಕಲ್ಲಿದ್ದಲು ದುಬಾರಿಯಾಗಿತ್ತು. ಇದರ ಜೊತೆಗೆ ಸುರಂಗದ ಮಾಡು ಕುಸಿಯದಂತೆ ಕೊಡುವ ಆಧಾರಕ್ಕೆ ತೊಲೆ ಬೇಕು. ನೆಲದ ಮೇಲೆ ನಿಂತಿದ್ದ ಮರ ನೆಲದೊಳಗೆ ಹೋಗಿ ಕತ್ತಲೆಯಲ್ಲಿ ನಿಂತಿತು. 1902ರಲ್ಲಿ ಶಿವನಸಮುದ್ರದ ಕಾವೇರಿಯ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಗಣಿಗೆ ಬಂದಿತು. ಆ ಕಾಲಕ್ಕೆ ಅದು ಜಗತ್ತಿನ ಬಲು ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಈ ಸಾಹಸವನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ಆದರೆ ಅದಕ್ಕೆ ಕಟ್ಟಿಗೆ ಮತ್ತು ಕಲ್ಲಿದ್ದಲಿನ ಖರ್ಚೂ ಒಂದು ಕಾರಣವೆಂಬುದು ಅಲ್ಲಿಗೆ ಹೋದ ಮೇಲೆ ಮನಸ್ಸಿಗೆ ನಾಟಿತು.

ಎರಡನೆಯ ಅಧ್ಯಾಯ ತೋಟಗಳದ್ದು. ಕಾಡು ತಿಂದ ಕಂಪನಿಯೇ ಊರಿನಲ್ಲಿ ಹಸಿರನ್ನೂ ಬೆಳೆಸಿತು. ಬ್ರಿಟಿಷ್ ಅಧಿಕಾರಿಗಳ ಬಂಗಲೆಗಳ ಮುಂದೆ ಹೂದೋಟ, ಕ್ಲಬ್ಬು, ಗಾಲ್ಫ್ ಮೈದಾನ, ರಸ್ತೆಗಳ ಬದಿಗೆ ನೆರಳು. ಹಿತವಾದ ಹವೆಯೂ ಕೂಡಿದ್ದರಿಂದ ಜನ ಆ ಊರನ್ನು ‘ಪುಟ್ಟ ಇಂಗ್ಲೆಂಡ್’ ಎಂದು ಕರೆದರು. ಹೊಳೆಯಿಲ್ಲದ ಆ ಕಲ್ಲುನೆಲಕ್ಕೆ ಪಾಲಾರ್ ನದಿಯ ಬೇತಮಂಗಲದ ಕೆರೆಯಿಂದ ನೀರು ತರಲಾಯಿತು. ಆದರೆ ಆ ಹಸಿರು ಎಲ್ಲರ ಪಾಲಿಗೆ ಸಮನಾಗಿರಲಿಲ್ಲ. ಗಣಿಗೆ ಇಳಿಯುವ ಕೆಲಸಗಾರರ ವಸತಿಗೆ ‘ಲೈನ್’ ಎಂದು ಹೆಸರು. ಮೊದಲ ಕಾಲದಲ್ಲಿ ಅವು ಬಿದಿರು ತಟ್ಟಿಯ ಗುಡಿಸಲುಗಳ ಸಾಲುಗಳು. ಅಲ್ಲಿ ಹೂದೋಟಕ್ಕೆ ಜಾಗವೂ ಇರಲಿಲ್ಲ, ನೀರೂ ಇರಲಿಲ್ಲ.

ಇಂಥದ್ದು ಕೋಲಾರದಲ್ಲಿ ಮಾತ್ರ ಆದದ್ದಲ್ಲ. ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗ್ ಕೂಡ ಚಿನ್ನದಿಂದಲೇ ಹುಟ್ಟಿದ ನಗರ. 1886ರಲ್ಲಿ ಚಿನ್ನ ಸಿಕ್ಕಾಗ ಅದು ಮರಗಳಿಲ್ಲದ ಹುಲ್ಲುಗಾವಲು. ಗಣಿಯ ತೊಲೆಗಾಗಿ ನೀಲಗಿರಿ ನೆಟ್ಟರು, ಸಿರಿವಂತರ ಬಡಾವಣೆಗಳಲ್ಲಿ ನೆರಳಿನ ಮರ ನೆಟ್ಟರು. ಇಂದು ಲಕ್ಷಾಂತರ ಮರಗಳಿರುವ ನಗರವೆಂದು ಅದಕ್ಕೆ ಹೆಸರಿದೆ. ಆದರೆ ಆ ನೆರಳು ಬಹುಪಾಲು ಉತ್ತರದ ಸಿರಿವಂತ ಬಡಾವಣೆಗಳ ಮೇಲಿದೆ. ಗಣಿಯ ಮಣ್ಣಿನ ದಿಬ್ಬಗಳೂ ಅವುಗಳ ಧೂಳೂ ದಕ್ಷಿಣದ ದುಡಿಯುವವರ ಪಾಲಿಗೆ ಬಂದಿವೆ. ನೆರಳಿಗೂ ಒಂದು ಹಂಚಿಕೆ ಇದೆ ಎಂಬುದನ್ನು ಈ ಎರಡೂ ಊರುಗಳು ತೋರಿಸುತ್ತವೆ.

ಮೂರನೆಯ ಅಧ್ಯಾಯ ಗಣಿ ಮುಚ್ಚಿದ ಮೇಲಿನದು. ಕಂಪನಿ ಹೋದಾಗ ಕೂಲಿ ಹೋಯಿತು ಎನ್ನುವುದು ಎಲ್ಲರಿಗೂ ತಿಳಿಯುವ ಮಾತು. ಇಂದಿಗೂ ಆ ಊರಿನ ಸಾವಿರಾರು ಮಂದಿ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ಆದರೆ ಕಂಪನಿಯ ಜೊತೆಗೆ ಮಾಲಿಯೂ ಹೋದ, ತೋಟದ ನೀರೂ ಹೋಯಿತು. ನಾವು ನೋಡಿದ ಬಂಗಲೆಗಳಲ್ಲಿ ಕೆಲವುಗಳ ಮುಂದೆ ಹೂದೋಟದ ಕಲ್ಲಿನ ಅಂಚು ಮಾತ್ರ ಉಳಿದಿತ್ತು. ಒಳಗೆ ಬಳ್ಳಾರಿ ಜಾಲಿ ಬೆಳೆದಿತ್ತು.

ಅಲ್ಲಿಂದ ನಾವು ಲೈನ್ ಮನೆಗಳ ಕಡೆಗೆ ಹೋದೆವು. ಅಲ್ಲಿ ನಮಗೊಂದು ಆಶ್ಚರ್ಯ ಕಾದಿತ್ತು. ಇಕ್ಕಟ್ಟಾದ ಆ ಮನೆಗಳ ಮುಂದೆ ಹಸಿರಿತ್ತು. ಒಂದು ಮನೆಯ ಬಾಗಿಲಲ್ಲಿ ನುಗ್ಗೆ, ಇನ್ನೊಂದರ ಬದಿಗೆ ಬೇವು. ಬೇವಿನ ಕೆಳಗೆ ಕುಳಿತಿದ್ದ ನಿವೃತ್ತ ಕೆಲಸಗಾರರೊಬ್ಬರು ತಮಿಳು ಬೆರೆತ ಕನ್ನಡದಲ್ಲಿ ನಮ್ಮನ್ನು ಮಾತನಾಡಿಸಿದರು. ಬಂಗಲೆಯ ತೋಟ ಒಣಗಿದರೂ ಇದು ಹೇಗೆ ಉಳಿಯಿತೆಂದು ಕೇಳಿದೆವು. ಅವರು ಹೇಳಿದ್ದರ ತಾತ್ಪರ್ಯ ಇಷ್ಟು: ಅದು ಕಂಪನಿಯ ಗಿಡ, ಕಂಪನಿಯ ನೀರಿನ ಜೊತೆಗೆ ಹೋಯಿತು, ಇದು ಮನೆಯ ಗಿಡ, ಇದಕ್ಕೆ ಪಾತ್ರೆ ತೊಳೆದ ನೀರು ಸಾಕಾಯಿತು. ಈ ಮಾತನ್ನು ನಿಮಗೆ ತಲುಪಿಸುವುದಕ್ಕಾಗಿಯೇ ಇಷ್ಟು ದೂರದ ಕಥೆಯನ್ನು ಎತ್ತಿಕೊಂಡೆವು.

ಊರಿನ ಅಂಚಿನಲ್ಲಿ ಜನ ‘ಸೈನೈಡ್ ದಿಬ್ಬ’ ಎಂದು ಕರೆಯುವ ಬೂದುಬಣ್ಣದ ಗುಡ್ಡಗಳಿವೆ. ಅವು ಹುಟ್ಟುಗುಡ್ಡಗಳಲ್ಲ. ಕಲ್ಲನ್ನು ಹಿಟ್ಟಿನಂತೆ ಪುಡಿಮಾಡಿ, ಸೈನೈಡಿನ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಮಣ್ಣನ್ನು ನೂರು ವರ್ಷ ಸುರಿದು ಆದ ರಾಶಿಗಳು. ಅಂಥ ಹದಿಮೂರು ದಿಬ್ಬಗಳಲ್ಲಿ ಮೂರು ಕೋಟಿ ಟನ್ನಿಗೂ ಮಿಕ್ಕಿ ಮಣ್ಣಿದೆ. ಬಿಸಿಲು ಗಾಳಿಗೆ ಸೈನೈಡ್ ಕಾಲಕ್ರಮದಲ್ಲಿ ಒಡೆದುಹೋಗುತ್ತದೆ. ಆದರೆ ಆ ಪುಡಿಯಲ್ಲಿ ಎಲೆಗೊಬ್ಬರದ ಅಂಶವಿಲ್ಲ, ಸಾರಜನಕವಿಲ್ಲ, ಬೇರಿಗೆ ಬೇಕಾದ ಜೀವಾಣುಗಳಿಲ್ಲ. ನೀರು ನಿಲ್ಲುವುದಿಲ್ಲ, ಗಾಳಿ ಬಂದರೆ ಧೂಳು ಏಳುತ್ತದೆ. ಅಲ್ಲಿ ಗಿಡ ಹಚ್ಚಬೇಕಾದರೆ ಮೊದಲು ಮಣ್ಣನ್ನೇ ಹುಟ್ಟಿಸಬೇಕು: ಮೇಲೆ ಒಳ್ಳೆಯ ಮಣ್ಣು ಹೊದಿಸಬೇಕು, ಹುಲ್ಲು ಬೆಳೆಸಬೇಕು, ಆಮೇಲೆ ಗಟ್ಟಿಮುಟ್ಟಾದ ಗಿಡ. ಹಾಳಾದ ನೆಲಕ್ಕೆ ಹಸಿರು ತರುವುದು ಎಷ್ಟು ಕಷ್ಟ ಎಂಬುದಕ್ಕೆ ಆ ದಿಬ್ಬಗಳೇ ಸಾಕ್ಷಿ. ಇದ್ದ ಗಿಡವನ್ನು ಕಾಯುವುದು ಅದಕ್ಕಿಂತ ಎಷ್ಟೋ ಸುಲಭ.

ಪಾಲಕ ಬಂಧುಗಳೇ, ಈಗ ನಮ್ಮ ಊರಿನ ಕಡೆಗೆ ಬರುತ್ತೇವೆ. ನಮ್ಮಲ್ಲಿ ಚಿನ್ನದ ಗಣಿ ಇಲ್ಲ. ಆದರೆ ಒಂದೇ ಉದ್ಯೋಗವನ್ನು ನಂಬಿದ ಊರು ಹೇಗಿರುತ್ತದೆ ಎಂಬುದು ಇಚಲಕರಂಜಿಯ ಪಕ್ಕದಲ್ಲಿರುವ ನಮಗೆ ಗೊತ್ತಿಲ್ಲವೇ? 1904ರಲ್ಲಿ ಅಲ್ಲಿ ಮೊದಲ ಪಾವರ್‌ಲೂಮ್ ಬಂದಿತು. ಇಂದು ಅದರ ಸದ್ದು ನಿಂತ ದಿನ ಎಷ್ಟೋ ಮನೆಗಳ ಒಲೆ ಉರಿಯುವುದಿಲ್ಲ. ಬಟ್ಟೆಯ ಬಣ್ಣದ ನೀರು, ಊರಿನ ಚರಂಡಿಯ ನೀರು ಸೇರಿ ಪಂಚಗಂಗೆ ಏನಾಗಿದೆ ಎಂಬುದನ್ನು ಬೇಸಿಗೆಯಲ್ಲಿ ದಂಡೆಗೆ ಹೋದವರು ಬಲ್ಲರು. ಉಳಿದ ನೆಲವೆಲ್ಲ ಕಬ್ಬು. ಕಬ್ಬು ಹಸಿರಾಗಿಯೇ ಕಾಣುತ್ತದೆ. ಆದರೆ ಅದರ ಕೆಳಗೆ ಕುಳಿತು ಯಾರೂ ಬುತ್ತಿ ಬಿಚ್ಚಲಾರರು. ಹೊಲದ ಬದುವಿನ ಬೇವು, ಬನ್ನಿ, ಜಾಲಿಗಳು ಒಂದೊಂದಾಗಿ ಹೋದವು. ದಸರೆಯ ಬಂಗಾರವೂ ಈಗ ಪೇಟೆಯಲ್ಲಿ ಕಟ್ಟು ಕಟ್ಟಾಗಿ ಮಾರಾಟಕ್ಕೆ ಬರುತ್ತದೆ. ಆ ಒಂದು ದಿನಕ್ಕಾಗಿ ಆಪ್ಟೆಯ ಟೊಂಗೆ ಟೊಂಗೆಗಳನ್ನೇ ಮುರಿದು ತರುತ್ತಾರೆ. ಎಲೆಯನ್ನು ಬಂಗಾರವೆಂದ ಹಿರಿಯರು ಹಾಗೆ ಗಿಡ ಬೋಳಿಸಿರೆಂದು ಹೇಳಿರಲಾರರು.

ಹೀಗಿರುವಾಗ ಈ ತಾಲೂಕಿನಲ್ಲಿ ಎಲ್ಲರೂ ಕೂಡಬಹುದಾದ ನೆರಳು ಎಷ್ಟು ಉಳಿದಿದೆ? ಗುಡಿಯ ಕಟ್ಟೆಯ ಮೇಲಿನ ಆಲ ಅರಳಿ, ಆಳತೆಯ ಹತ್ತಿರದ ರಾಮಲಿಂಗ ಗುಡ್ಡ, ಕುಂಭೋಜದ ಬಾಹುಬಲಿ ಗುಡ್ಡ, ಮತ್ತು ಶಾಲೆಯ ಅಂಗಳಗಳು. ನಮ್ಮ ಹುಣಸೆಯ ಗಿಡ ಅಂಥದ್ದರಲ್ಲಿ ಒಂದು. ಅದರ ಕೆಳಗೆ ನಾವು ಮಗ್ಗಿ ಒಪ್ಪಿಸಿದ್ದೇವೆ. ಅದರ ಕಾಯಿ ಕದ್ದು ತಿಂದು ಗುರುಗಳ ಕೈಯಿಂದ ಏಟು ತಿಂದಿದ್ದೇವೆ. ಕೋಣೆಗಳು ಸಾಲದಿದ್ದ ವರ್ಷ ಎರಡು ವರ್ಗಗಳು ಅದರ ಎರಡು ಬದಿಗೆ ಕೂಡುತ್ತಿದ್ದವು. ಈಗ ಕೋಣೆಗಾಗಿ ಅದನ್ನೇ ಕಡಿಯುವ ಮಾತು ಬಂದಿದೆ.

ಕೋಣೆಗಳು ಬೇಡವೆಂದು ನಾವು ಹೇಳುತ್ತಿಲ್ಲ. ಮಳೆಗಾಲದಲ್ಲಿ ಸೋರುವ ಕೋಣೆಯಲ್ಲಿ ಕುಳಿತವರೇ ನಾವು. ಸಮಿತಿಯ ಹಿರಿಯರು ಮನೆ ಮನೆ ತಿರುಗಿ ದೇಣಿಗೆ ಕೂಡಿಸಿದ್ದನ್ನೂ ಬಲ್ಲೆವು. ನಮ್ಮ ಬಿನ್ನಹ ಇಷ್ಟೇ: ನಕ್ಷೆಯನ್ನು ಪೂರ್ವದ ಗೋಡೆಯ ಕಡೆಗೆ ಸರಿಸಬಹುದೇ ಎಂದು ಮತ್ತೊಮ್ಮೆ ಅಳೆದು ನೋಡೋಣ. ಅದರಿಂದ ಖರ್ಚು ಹೆಚ್ಚಾದರೆ ಆ ಹೆಚ್ಚಿನ ಪಾಲನ್ನು ಕೂಡಿಸುವ ಹೊಣೆಯನ್ನು ಹಳೆಯ ವಿದ್ಯಾರ್ಥಿಗಳಾದ ನಾವು ಹೊರುತ್ತೇವೆ. ಇದನ್ನು ಈ ಸಭೆಯ ಮುಂದೆ ಮಾತು ಕೊಟ್ಟು ಹೇಳುತ್ತಿದ್ದೇವೆ.

ಇನ್ನು ನಾಳೆಯ ನೂರು ಸಸಿಗಳ ಮಾತು. ಒಂದು ಸಸಿಗೆ ಬೇಸಿಗೆಯಲ್ಲಿ ಒಂದು ಸಲಕ್ಕೆ 10 ಲೀಟರ್, ವಾರಕ್ಕೆ ಎರಡು ಸಲ ನೀರು ಬೇಕೆಂದು ಹಿಡಿಯೋಣ. ನೂರು ಸಸಿಗೆ ವಾರಕ್ಕೆ 2,000 ಲೀಟರ್ ಆಯಿತು. ಏಪ್ರಿಲ್ ಮೇ ತಿಂಗಳಲ್ಲಿ, ಶಾಲೆಗೆ ಸುಟಿ ಇರುವಾಗ, ಈ ನೀರನ್ನು ಯಾರು ತರುವರು, ಎಲ್ಲಿಂದ ತರುವರು? ನೆಡುವ ದಿನ ಫೋಟೋ ತೆಗೆದು, ಮರುವರ್ಷ ಅದೇ ಕುಣಿಯಲ್ಲಿ ಮತ್ತೆ ನೆಟ್ಟ ಉದಾಹರಣೆಗಳನ್ನು ನಾವೆಲ್ಲ ನೋಡಿದ್ದೇವೆ. ಅವು ಕೆ.ಜಿ.ಎಫ್. ಬಂಗಲೆಯ ಗಿಡಗಳಂತೆ, ಆ ದಿನದ ಸಂಭ್ರಮದೊಡನೆ ಬಂದು ಅದರೊಡನೆಯೇ ಹೋಗುತ್ತವೆ.

ಮಾಗಡಿ ತಾಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರ ಹೆಸರು ಕೇಳದ ಕನ್ನಡಿಗರಿಲ್ಲ. ಆಕೆ ಮತ್ತು ಪತಿ ಚಿಕ್ಕಯ್ಯನವರು ಹುಲಿಕಲ್–ಕುದೂರು ದಾರಿಯಲ್ಲಿ ನೂರಾರು ಆಲದ ಮರಗಳನ್ನು ಬೆಳೆಸಿದರು. ಆದರೆ ಒಂದೇ ದಿನ ನೂರಾರು ನೆಡಲಿಲ್ಲ. ಮೊದಲ ವರ್ಷ ಹತ್ತು, ಎರಡನೆಯ ವರ್ಷ ಹದಿನೈದು, ಮೂರನೆಯ ವರ್ಷ ಇಪ್ಪತ್ತು. ಕೊಡ ಹೊತ್ತು ನೀರು ಹಾಕಿದರು, ದನ ತಿನ್ನದಂತೆ ಮುಳ್ಳಿನ ಬೇಲಿ ಕಟ್ಟಿದರು. ಎಷ್ಟಕ್ಕೆ ನೀರು ಹಾಕಬಲ್ಲೆವೋ ಅಷ್ಟೇ ನೆಟ್ಟರು. ಶಾಲೆಯ ಮೆಟ್ಟಿಲು ಹತ್ತದ ಆ ತಾಯಿಗೆ 2019ರಲ್ಲಿ ಪದ್ಮಶ್ರೀ ಬಂದಿತು. ಅದೇ ವರ್ಷ ರಸ್ತೆ ಅಗಲೀಕರಣದಿಂದ ಆ ಮರಗಳಿಗೆ ಕುತ್ತು ಬಂದಾಗ, ಇಳಿವಯಸ್ಸಿನಲ್ಲಿಯೂ ತಾವೇ ಮುಂದೆ ನಿಂತು ಸರ್ಕಾರಕ್ಕೆ ಮೊರೆಯಿಟ್ಟರು. ನೆಟ್ಟವರು ಇನ್ನೂ ತಮ್ಮದೆಂದು ಹೇಳುತ್ತಿದ್ದರಿಂದ ಆ ಮರಗಳ ಪರವಾಗಿ ಕೇಳುವ ದನಿಯೊಂದಿತ್ತು.

ಆದ್ದರಿಂದ ನಮ್ಮದೊಂದು ಸೂಚನೆ. ನೂರು ಗಿಡಗಳನ್ನು ಒಂದು ದಿನದಲ್ಲಿ ನೆಡುವುದಕ್ಕಿಂತ ನೂರು ವರ್ಷಗಳಲ್ಲಿ ನೆಡೋಣ. ನಾಳೆ ಈ ಅಂಗಳದಲ್ಲಿ ಒಂದೇ ಸಸಿ ನೆಡೋಣ. ಅದನ್ನು ಈ ವರ್ಷದ ಇಯತ್ತೆ ಒಂದನೆಯ ಮಕ್ಕಳು ನೆಡಲಿ. ಅವರು ಏಳನೆಯ ಇಯತ್ತೆ ಮುಗಿಸುವವರೆಗೆ ಅದು ಅವರ ಗಿಡ. ಮುಂದಿನ ಜೂನ್ ತಿಂಗಳಲ್ಲಿ ಹೊಸದಾಗಿ ಬರುವ ಒಂದನೆಯ ಇಯತ್ತೆಯವರು ಇನ್ನೊಂದು ನೆಡಲಿ. ಮೂರು ಬೇಸಿಗೆ ದಾಟಿದ ಗಿಡದ ಬೇರು ಆಳಕ್ಕೆ ಇಳಿದಿರುತ್ತದೆ. ಹಾಗಾಗಿ ಯಾವ ಬೇಸಿಗೆಯಲ್ಲಿಯೂ ನೀರು ಬೇಕಾಗುವುದು ಮೂರೇ ಎಳೆಯ ಗಿಡಗಳಿಗೆ, ವಾರಕ್ಕೆ 60 ಲೀಟರ್. ಅದು ಐದಾರು ಕೊಡ ನೀರು. ಮಧ್ಯಾಹ್ನದ ಊಟವಾದ ಮೇಲೆ ಮಕ್ಕಳು ಕೈ ತೊಳೆದ ನೀರನ್ನು ಪಾತಿಗೆ ತಿರುಗಿಸಿದರೆ ಅರ್ಧ ಕೆಲಸ ಮುಗಿಯಿತು. ಸುಟಿಯ ದಿನಗಳಿಗೆ ಬುಡದ ಬಳಿ ಸಣ್ಣ ತೂತಿನ ಮಡಿಕೆ ಹುಗಿದು, ಊರಿನಲ್ಲಿರುವ ಹಳೆಯ ವಿದ್ಯಾರ್ಥಿಗಳು ಸರದಿಯಂತೆ ತುಂಬುವೆವು. ಉಳಿದ ತೊಂಬತ್ತೊಂಬತ್ತು ಸಸಿಗಳನ್ನು ನೀರು ಹಾಕುವೆವೆಂದು ಹೇಳುವ ಪಾಲಕರು ತಮ್ಮ ಹಿತ್ತಲಿಗೆ, ಹೊಲದ ಬದುವಿಗೆ ಒಯ್ಯಲಿ.

ಯಾವ ಗಿಡ ಎಂದು ಕೇಳಿದರೆ ನಮ್ಮ ನೆಲದ್ದೇ ಇರಲಿ: ಬೇವು, ಹೊಂಗೆ, ನೇರಳೆ, ಬನ್ನಿ, ಆಪ್ಟೆ. ಬೇಗ ಬೆಳೆಯುತ್ತದೆಂದು ಕೋಲಾರ ಸೀಮೆಯಲ್ಲಿ ಹಬ್ಬಿಸಿದ ನೀಲಗಿರಿ ಅಂತರ್ಜಲಕ್ಕೆ ಭಾರವೆಂದು ಕಂಡು, ಕರ್ನಾಟಕ ಸರ್ಕಾರ 2017ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ಆ ಪಾಠವನ್ನು ನಾವು ಮತ್ತೊಮ್ಮೆ ಕಲಿಯಬೇಕಾಗಿಲ್ಲ. ಮೊದಲನೆಯ ಸಸಿ ಬನ್ನಿಯದೇ ಆಗಲಿ ಎಂಬುದು ನಮ್ಮ ಆಸೆ.

ಕೊನೆಯ ಒಂದು ಮಾತು. ವರ್ಷಕ್ಕೊಂದು ಗಿಡವೆಂಬ ಈ ಯೋಜನೆಯಲ್ಲಿ ಒಂದು ಷರತ್ತು ಅಡಗಿದೆ. ಪ್ರತಿ ಜೂನ್ ತಿಂಗಳಲ್ಲಿ ಈ ಕನ್ನಡ ಶಾಲೆಯ ಒಂದನೆಯ ಇಯತ್ತೆಗೆ ಮಕ್ಕಳು ಬರಬೇಕು. ಮಕ್ಕಳು ಬಾರದ ವರ್ಷ ಗಿಡವಿಲ್ಲ. ಪಟ ತೆಳುವಾಗುತ್ತಿರುವುದು ನಮಗೂ ಗೊತ್ತು, ನಿಮಗೂ ಗೊತ್ತು. ಮಗುವನ್ನು ಯಾವ ಮಾಧ್ಯಮಕ್ಕೆ ಹಾಕಬೇಕೆಂಬ ಚಿಂತೆ ನಿಮ್ಮ ಮನೆಯಲ್ಲಿ ಎಷ್ಟಿದೆಯೋ ನಮ್ಮ ಮನೆಯಲ್ಲಿಯೂ ಅಷ್ಟೇ ಇದೆ. ಮರಾಠಿ ನಮಗೆ ಹೊರಗಿನದಲ್ಲ, ಇಂಗ್ಲಿಷ್ ಬೇಡವೆಂದೂ ಅಲ್ಲ. ಆದರೆ ಶಾಲೆಯನ್ನು ಸರ್ಕಾರದ್ದು, ಸಂಸ್ಥೆಯದ್ದು ಎಂದು ಬಿಟ್ಟರೆ ಅದು ಕಂಪನಿಯ ಗಿಡವಾಗುತ್ತದೆ. ಅನುದಾನ ಇರುವವರೆಗೆ ಇರುತ್ತದೆ. ನಮ್ಮ ಮನೆಯದು ಎಂದುಕೊಂಡರೆ ಪಾತ್ರೆ ತೊಳೆದ ನೀರಿನಲ್ಲಿಯೂ ಬದುಕುತ್ತದೆ. ನೂರು ವರ್ಷ ಇದು ಬದುಕಿದ್ದು ಹಾಗೆಯೇ. ಹೊಟ್ಟೆ ಕಟ್ಟಿ ಕಾಣಿಕೆ ಕೊಟ್ಟ ನೇಕಾರರು, ಒಕ್ಕಲಿಗರು, ಸಂಬಳ ತಡವಾದ ತಿಂಗಳಲ್ಲಿಯೂ ಬಾಗಿಲು ತೆರೆದ ಗುರುಗಳು ಇದಕ್ಕೆ ನೀರು ಹಾಕಿದ್ದಾರೆ.

ನಾಳೆ ಮುಂಜಾನೆ ಬರುವಾಗ ಒಂದೊಂದು ತಂಬಿಗೆ ನೀರು ತನ್ನಿರೆಂದು ಕೇಳಿಕೊಳ್ಳುತ್ತೇವೆ. ಹುಣಸೆಯ ಗಿಡದ ಕೆಳಗೆ ಕೂಡೋಣ, ನಕ್ಷೆಯನ್ನು ಅಲ್ಲಿಯೇ ಬಿಚ್ಚಿ ನೋಡೋಣ.